ಪ್ರಾಚೀನ ನಾಣ್ಯಗಳ ಶುದ್ಧೀಕರಣ: ಹುಣಸೆಹುಳಿಯಿಂದ ಪ್ರಯೋಗಾಲಯದವರೆಗೆ

ಇತಿಹಾಸ ರಚನೆಯ ಆಕರಗಳಲ್ಲಿ ನಾಣ್ಯಗಳಿಗೆ ಶಾಸನಗಳಷ್ಟೇ ಮಹತ್ತ್ವದ ಸ್ಥಾನವಿದೆ ಎಂಬುದನ್ನು ನಮ್ಮ ವಿದ್ವಾಂಸರು ಬಹು ಹಿಂದೆಯೇ ಪ್ರತಿಪಾದಿಸಿದ್ದಾರೆ. ಎ.ವಿ. ನರಸಿಂಹಮೂರ್ತಿಯವರು ೧೯೭೫ರಲ್ಲಿ ಕರ್ನಾಟಕದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ತರುವಾಯ ಈ ಕ್ಷೇತ್ರದಲ್ಲಿ ಗಣನೀಯ ಕೆಲಸ ನಡೆದಿದೆ. ಆದರೆ ವಿದ್ವಾಂಸನು ನಾಣ್ಯವನ್ನು ಓದುವುದಕ್ಕೆ ಮೊದಲು ಅದನ್ನು ಯಾರೋ ಒಬ್ಬರು ತೊಳೆದಿರುತ್ತಾರೆ. ನೆಲ ಅಗೆದ ಕೂಲಿಕಾರ, ಮನೆಯ ಹಿರಿಯಳು, ಅಕ್ಕಸಾಲಿ, ಹಳೆಯ ಸಾಮಾನಿನ ವ್ಯಾಪಾರಿ, ಸಂಗ್ರಾಹಕ - ಹೀಗೆ ಅನೇಕ ಕೈಗಳನ್ನು ದಾಟಿ ನಾಣ್ಯವು ಅಧ್ಯಯನಕಾರನ ಮೇಜಿಗೆ ಬರುತ್ತದೆ. ಈ ಕೈಗಳು ಏನನ್ನು ಬಳಸುತ್ತವೆ, ಏನನ್ನು ಉಳಿಸುತ್ತವೆ, ಏನನ್ನು ಅಳಿಸುತ್ತವೆ ಎಂಬ ಪ್ರಶ್ನೆಯು ನಾಣ್ಯಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದ್ದೋ ಜಾನಪದ ಅಧ್ಯಯನಕ್ಕೂ ಅಷ್ಟೇ ಸಂಬಂಧಿಸಿದ್ದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಎರಡೂ ದಿಕ್ಕುಗಳಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ಲೋಹವನ್ನು ಬೆಳಗುವ ವಿಷಯದಲ್ಲಿ ನಮ್ಮ ಜನಪದರ ಜ್ಞಾನ ವಿಸ್ತಾರವಾದುದು. ತಾಮ್ರ ಹಾಗೂ ಹಿತ್ತಾಳೆಯ ಪಾತ್ರೆಗಳಿಗೆ ಹುಣಸೆಹಣ್ಣು ಮತ್ತು ಉಪ್ಪು; ಬೆಳ್ಳಿಗೆ ಒಲೆಯ ಬೂದಿ ಇಲ್ಲವೆ ರಂಗೋಲಿ ಪುಡಿ; ಚಿನ್ನಕ್ಕೆ ಅಂಟುವಾಳದ ನೊರೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಬೂದಿಯ ಕ್ಷಾರವು ಜಿಡ್ಡನ್ನು ತೆಗೆಯುತ್ತದೆ, ಅದರ ನುಣುಪಾದ ಕಣಗಳು ಕಪ್ಪನ್ನು ಉಜ್ಜಿ ಹಾಕುತ್ತವೆ. ಅಂಟುವಾಳವು ತೀವ್ರ ಆಮ್ಲವೂ ಅಲ್ಲದ ತೀವ್ರ ಕ್ಷಾರವೂ ಅಲ್ಲದ ಸೌಮ್ಯ ಮಾರ್ಜಕ. ನಿತ್ಯ ಬಳಕೆಯ ಪಾತ್ರೆಗಳ ಮಟ್ಟಿಗೆ ಈ ಕ್ರಮಗಳಲ್ಲಿ ದೋಷ ಹುಡುಕುವುದು ಸಾಧ್ಯವಿಲ್ಲ. ದೋಷವಿರುವುದು ಪಾತ್ರೆಗೆ ಸಲ್ಲುವ ಕ್ರಮವನ್ನು ನಾಣ್ಯಕ್ಕೆ ಒಯ್ದಾಗ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯದ ಆರಂಭದ ದಿನಗಳಲ್ಲಿ ಒಂದು ಮನೆಯವರು ಹಿತ್ತಿಲಿನಲ್ಲಿ ಸಿಕ್ಕಿದ್ದೆಂದು ಒಂದು ತಾಮ್ರದ ನಾಣ್ಯವನ್ನು ನೋಡಲು ಕೊಟ್ಟರು. ಹಸಿರು ಕಿಲುಬಿನ ನಡುವೆ ಆನೆಯ ಬೆನ್ನು ಕಾಣುತ್ತಿತ್ತು. ಟಿಪ್ಪು ಸುಲ್ತಾನನ ಕಾಲದ ಪೈಸೆ ಎಂದು ಊಹಿಸುವುದು ಕಷ್ಟವಾಗಲಿಲ್ಲ. ಮನೆಯೊಡತಿ ಹುಣಸೆಹುಳಿ ತಂದುಕೊಟ್ಟರು, ನಾನೇ ತಿಕ್ಕಿದೆ. ಅರ್ಧ ಗಂಟೆಯಲ್ಲಿ ಆನೆ ಕೆಂಪಗೆ ಹೊಳೆಯಿತು. ಟಿಪ್ಪುವಿನ ನಾಣ್ಯಗಳಲ್ಲಿ ಮೌಲೂದಿ ಶಕೆಯ ೧೨೧೫ರಿಂದ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಟಂಕಿಸಲಾಗಿರುತ್ತದೆ. ಆ ಅಂಕಿಗಳಿರಬೇಕಾದ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು ಮಾತ್ರ ಉಳಿದಿದ್ದವು. ಹಿಂಬದಿಯ ಟಂಕಸಾಲೆಯ ಹೆಸರೂ ಓದಲಾರದಂತಾಗಿತ್ತು. ಯಾವ ಊರಿನ ಟಂಕಸಾಲೆಯದು, ಯಾವ ವರ್ಷದ್ದು ಎಂಬ ಎರಡು ಸಂಗತಿಗಳನ್ನು ಹೇಳಬಹುದಾಗಿದ್ದ ನಾಣ್ಯ ಅಂದಿನಿಂದ ಆನೆಯ ಚಿತ್ರವುಳ್ಳ ತಾಮ್ರದ ಬಿಲ್ಲೆಯಾಯಿತು. ಮನೆಯವರಿಗೆ ಬಹಳ ಸಂತೋಷವಾಯಿತೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಕಿಲುಬಿನೊಳಗಿನ ಮೂಲ ಮೇಲ್ಮೈ

ಅಂಕಿಗಳು ಎಲ್ಲಿ ಹೋದವು ಎಂಬುದಕ್ಕೆ ಉತ್ತರ ತಾಮ್ರದ ಸ್ವಭಾವದಲ್ಲಿದೆ. ಪಾತ್ರೆಯ ಮೇಲಿನ ಕಿಲುಬು ಗಟ್ಟಿ ಲೋಹದ ಮೇಲೆ ಕುಳಿತ ತೆಳುವಾದ ಪದರ. ಅದನ್ನು ತೆಗೆದರೆ ಅಡಿಯಲ್ಲಿ ಪಾತ್ರೆ ಇದ್ದಂತೆಯೇ ಇರುತ್ತದೆ. ನೂರಾರು ವರ್ಷ ಮಣ್ಣಿನಲ್ಲಿದ್ದ ನಾಣ್ಯದ ಸ್ಥಿತಿ ಹಾಗಲ್ಲ. ತೇವ, ಗಾಳಿ ಹಾಗೂ ಮಣ್ಣಿನ ಲವಣಗಳ ಸಂಪರ್ಕದಿಂದ ಲೋಹದ ಹೊರಭಾಗವೇ ನಿಧಾನವಾಗಿ ಖನಿಜವಾಗಿ ಮಾರ್ಪಡುತ್ತದೆ. ಮೊದಲು ಕ್ಯುಪ್ರೈಟ್ ಎಂಬ ಕೆಂಪು ಆಕ್ಸೈಡ್ ಉಂಟಾಗುತ್ತದೆ. ಅದರ ಹೊರಗೆ ಮ್ಯಾಲಕೈಟ್ ಎಂಬ ಹಸಿರು, ಅಪರೂಪವಾಗಿ ಅಜುರೈಟ್ ಎಂಬ ನೀಲಿ ಕಾರ್ಬೊನೇಟ್‌ಗಳು ಬೆಳೆಯುತ್ತವೆ. ಟಂಕಸಾಲೆಯಲ್ಲಿ ಅಚ್ಚು ಬಿದ್ದ ಮೂಲ ಮೇಲ್ಮೈ, ಅಂದರೆ ಅಕ್ಷರ, ಅಂಕಿ, ಲಾಂಛನಗಳ ರೇಖೆ, ಈಗ ಲೋಹದಲ್ಲಿ ಉಳಿದಿಲ್ಲ. ಅದು ಈ ಖನಿಜ ಪದರಗಳೊಳಗೆ, ಬಹುಮಟ್ಟಿಗೆ ಕ್ಯುಪ್ರೈಟಿನ ಮಟ್ಟದಲ್ಲಿ ಉಳಿದಿದೆ. ಆಮ್ಲವು ಈ ಭೇದವನ್ನು ಅರಿಯದು. ಅದು ಹಸಿರನ್ನೂ ಕೆಂಪನ್ನೂ ಒಟ್ಟಿಗೆ ಕರಗಿಸಿ, ಒಳಗೆ ಉಳಿದಿದ್ದ ಗುಳಿಬಿದ್ದ ಲೋಹದ ತಿರುಳನ್ನು ಹೊರಗೆ ತೋರಿಸುತ್ತದೆ. ಆನೆಯಂತಹ ಎತ್ತರದ ಉಬ್ಬು ಹೇಗೋ ಉಳಿಯುತ್ತದೆ, ಕೂದಲೆಳೆಯಷ್ಟು ಎತ್ತರದ ಅಂಕಿ ಉಳಿಯುವುದಿಲ್ಲ.

ಸಂರಕ್ಷಣಾ ಶಾಸ್ತ್ರದಲ್ಲಿ ಕಿಲುಬನ್ನು ಎರಡು ಬಗೆಯಾಗಿ ನೋಡುತ್ತಾರೆ. ಗಟ್ಟಿಯಾಗಿ, ನುಣುಪಾಗಿ, ಒಂದೇ ಸಮನಾಗಿ ಕುಳಿತ ಹೊದಿಕೆಯು ಒಳಗಿನ ಲೋಹವನ್ನು ಕಾಯುತ್ತದೆ. ಅದನ್ನು ಮುಟ್ಟಬಾರದು. ತಿಳಿಹಸಿರು ಬಣ್ಣದ, ಮುಟ್ಟಿದರೆ ಪುಡಿಯಾಗಿ ಉದುರುವ ಚುಕ್ಕೆಗಳು ಮಾತ್ರ ಬೇರೆ. ಇವು 'ಕಂಚಿನ ರೋಗ' ಎಂದು ಹೆಸರಾದ ಕ್ರಿಯೆಯ ಗುರುತುಗಳು. ಲೋಹದ ಆಳದಲ್ಲಿ ಸೇರಿಕೊಂಡ ತಾಮ್ರದ ಕ್ಲೋರೈಡು ಗಾಳಿಯ ತೇವ ಹಾಗೂ ಆಮ್ಲಜನಕದೊಂದಿಗೆ ಸೇರಿ ಹಸಿರು ಪುಡಿಯಾಗುತ್ತದೆ. ಆ ಕ್ರಿಯೆಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡನ್ನು ಉಂಟುಮಾಡುತ್ತದೆ. ತೇವ ಇರುವವರೆಗೆ ಈ ಚಕ್ರ ನಿಲ್ಲುವುದಿಲ್ಲ. ಇದನ್ನು ತಿಳಿದ ಮೇಲೆ ಹುಣಸೆಯೊಡನೆ ಉಪ್ಪು ಸೇರಿಸುವ ಮನೆಮದ್ದಿನ ಅಪಾಯ ಸ್ಪಷ್ಟವಾಗುತ್ತದೆ. ಉಪ್ಪು ಎಂದರೆ ಕ್ಲೋರೈಡು. ಆಮ್ಲದಿಂದ ಬಯಲಾದ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಲೋಹಕ್ಕೆ ರೋಗದ ಬೀಜವನ್ನು ನಾವೇ ತುಂಬಿದಂತಾಗುತ್ತದೆ. ತೊಳೆದ ದಿನ ಹೊಳೆದ ನಾಣ್ಯ ಮುಂದಿನ ಮಳೆಗಾಲದಲ್ಲಿ ಹಸಿರು ಪುಡಿ ಉದುರಿಸಿದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ನಮ್ಮ ಕರಾವಳಿಯ ಸಂಗ್ರಾಹಕರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿಯ ಗಾಳಿಯಲ್ಲಿ ತೇವ ಮತ್ತು ಉಪ್ಪು ಎರಡೂ ಇವೆ.

ಬೆಳ್ಳಿಯ ಕತೆ ಬೇರೆ. ಅದು ಕಪ್ಪಾಗುವುದು ಗಂಧಕದಿಂದ. ಈ ಕಪ್ಪು ತೆಳುವಾಗಿದ್ದರೆ ಅಕ್ಷರಗಳ ಸುತ್ತ ನೆರಳಿನಂತೆ ನಿಂತು ಓದಲು ನೆರವಾಗುತ್ತದೆ. ಆದ್ದರಿಂದಲೇ ಅನುಭವಸ್ಥ ಸಂಗ್ರಾಹಕರು ಅದನ್ನು ಬಿಟ್ಟುಬಿಡುತ್ತಾರೆ. ಮುದ್ರಾಂಕಿತ ಬೆಳ್ಳಿ ನಾಣ್ಯಗಳ ವಿಷಯದಲ್ಲಿ ತೂಕದ ಪ್ರಶ್ನೆ ಮುಖ್ಯವಾದುದು. ಅವುಗಳ ತೂಕದ ಮಾನ ೩೨ ಗುಲಗಂಜಿ, ಅಂದರೆ ಸುಮಾರು ೩.೪ ಗ್ರಾಂ. ಕಾಲಾನುಕ್ರಮ, ಚಲಾವಣೆಯ ಅವಧಿ, ಸವಕಳಿ ಇವೆಲ್ಲವನ್ನೂ ವಿದ್ವಾಂಸರು ತೂಕದ ಸೂಕ್ಷ್ಮ ವ್ಯತ್ಯಾಸಗಳಿಂದ ಲೆಕ್ಕ ಹಾಕುತ್ತಾರೆ. ಈ ಬೆಳ್ಳಿಯಲ್ಲಿ ತಾಮ್ರದ ಬೆರಕೆ ಇರುವುದರಿಂದ ಮಣ್ಣಿನಲ್ಲಿ ಹಸಿರು ಕಟ್ಟುತ್ತದೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ತೆಗೆಯುವ ಪದ್ಧತಿ ಕೆಲವು ವ್ಯಾಪಾರಿಗಳಲ್ಲಿದೆ. ಆಮ್ಲ ಹಸಿರನ್ನಷ್ಟೇ ಅಲ್ಲ, ಬೆಳ್ಳಿಯನ್ನೂ ಕರಗಿಸುತ್ತದೆ. ಆಮೇಲೆ ಎಷ್ಟೇ ನಿಖರವಾದ ತಕ್ಕಡಿಯಲ್ಲಿಟ್ಟರೂ ದೊರೆಯುವುದು ಸವಕಳಿಯ ಲೆಕ್ಕವಲ್ಲ, ತೊಳೆದವನ ಅವಸರದ ಲೆಕ್ಕ.

ಚಿನ್ನದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ವಿಜಯನಗರದ ವರಾಹವನ್ನಾಗಲೀ ಕಂಠೀರವ ನರಸರಾಜ ಒಡೆಯರ ಹೆಸರಿನ ಪುಟ್ಟ ಕಂಠೀರಾಯ ಹಣವನ್ನಾಗಲೀ ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಸಾಕು. ಉಜ್ಜಬಾರದು, ಅಷ್ಟೆ. ಅಂಟುವಾಳ ಬಳಸಿದ ಹಿರಿಯರು ಇಲ್ಲಿ ಸರಿಯಾಗಿಯೇ ಇದ್ದರು.

ಸೀಸದ ನಾಣ್ಯಗಳ ಬಗ್ಗೆ ಮಾತ್ರ ಎಚ್ಚರದಿಂದ ಹೇಳಬೇಕು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು ೧೯೨೯ರ ಸುಮಾರಿಗೆ ನಡೆಸಿದ ಉತ್ಖನನವೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನವೂ ಕರ್ನಾಟಕದ ಪ್ರಾಚೀನ ಇತಿಹಾಸವನ್ನು ಬೆಳಗಿಸಿದವು. ಶಾತವಾಹನರ ಹಾಗೂ ಅವರ ಸಮಕಾಲೀನ ಮಹಾರಠಿಗಳ ಸೀಸದ ನಾಣ್ಯಗಳು ಈ ನೆಲೆಯ ವಿಶೇಷ. ಗೂಳಿಯ ಚಿತ್ರವುಳ್ಳ ಸದಕಣ ಕಳಲಾಯ ಮಹಾರಠಿಯ ನಾಣ್ಯಗಳು ಅವುಗಳಲ್ಲಿ ಪ್ರಸಿದ್ಧವಾದವು. ಸೀಸವು ಮೆದುವಾದ ಲೋಹ. ಉಗುರು ತಾಗಿದರೂ ಗೀರು ಬೀಳುತ್ತದೆ. ಮಣ್ಣಿನಲ್ಲಿ ಅದರ ಮೇಲೆ ಬಿಳಿಯ ಕಾರ್ಬೊನೇಟ್ ಪದರ ಕಟ್ಟುತ್ತದೆ. ಸಸ್ಯಜನ್ಯ ಆಮ್ಲಗಳೆಂದರೆ ಸೀಸಕ್ಕೆ ಶತ್ರು. ಹುಣಸೆ, ನಿಂಬೆ, ಹುಳಿ ಮಜ್ಜಿಗೆ ಯಾವುದೂ ಅದರ ಹತ್ತಿರ ಸುಳಿಯಬಾರದು. ಮರದ ಪೆಟ್ಟಿಗೆಯಿಂದ ಹೊಮ್ಮುವ ಅಸೆಟಿಕ್ ಆಮ್ಲದ ಆವಿ ಕೂಡ ಅದನ್ನು ಬಿಳಿ ಪುಡಿಯಾಗಿಸಬಲ್ಲದು. ಎಷ್ಟೋ ಮನೆಗಳಲ್ಲಿ ಅಂದವಾದ ಮರದ ತಟ್ಟೆಗಳಲ್ಲಿ ಜೋಡಿಸಿಟ್ಟ ಸೀಸದ ನಾಣ್ಯಗಳು ಯಾರೂ ಮುಟ್ಟದೆಯೇ ನಾಶವಾಗುವುದು ಇದರಿಂದ. ಸೀಸವು ಮನುಷ್ಯನಿಗೂ ವಿಷ. ಅದರ ಪುಡಿಯನ್ನು ಊದಬಾರದು, ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಪ್ರಯೋಗಾಲಯದ ಕ್ರಮ

ಹಾಗಾದರೆ ಏನು ಮಾಡಬೇಕು? ಮೊದಲು ತೂಕ, ವ್ಯಾಸ, ಎರಡೂ ಬದಿಯ ಛಾಯಾಚಿತ್ರ, ದೊರೆತ ಸ್ಥಳ ಇವು ದಾಖಲಾಗಬೇಕು. ಇದಾದ ಮೇಲೆಯೇ ನೀರು. ವಾಹನಗಳ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಎಲ್ಲೆಡೆ ದೊರೆಯುತ್ತದೆ. ತಾಮ್ರದ ನಾಣ್ಯವನ್ನು ಅದರಲ್ಲಿ ನೆನೆಸಿ ದಿನಕ್ಕೊಮ್ಮೆ ನೀರು ಬದಲಾಯಿಸುತ್ತ ಹೋದರೆ ಮಣ್ಣು ತಾನಾಗಿ ಮೆತ್ತಗಾಗುತ್ತದೆ. ಹೊರಚೆಲ್ಲುವ ನೀರಿಗೆ ಒಂದು ತೊಟ್ಟು ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ, ಹಾಲಿನಂತೆ ಬಿಳಿಯಾದರೆ ಕ್ಲೋರೈಡು ಇನ್ನೂ ಬರುತ್ತಿದೆ ಎಂದು ಪ್ರಯೋಗಾಲಯದವರು ತಿಳಿಯುತ್ತಾರೆ. ಮೆತ್ತಗಾದ ಮಣ್ಣನ್ನು ಬಿದಿರಿನ ಕಡ್ಡಿ ಅಥವಾ ಮುಳ್ಳಿನ ತುದಿಯಿಂದ, ದೊಡ್ಡದಾಗಿ ತೋರಿಸುವ ಮಸೂರದ ಕೆಳಗೆ, ಅಕ್ಷರದಿಂದ ಅಕ್ಷರಕ್ಕೆ ತೆಗೆಯಬೇಕು. ಉಕ್ಕಿನ ಸೂಜಿ ಕೂಡದು. ಮುಳ್ಳು ಕಿಲುಬಿಗಿಂತ ಮೆದು, ಉಕ್ಕು ಅದಕ್ಕಿಂತ ಗಟ್ಟಿ ಎಂಬುದಷ್ಟೇ ಇದರ ರಹಸ್ಯ. ಒಂದು ನಾಣ್ಯಕ್ಕೆ ವಾರಗಳು ಹಿಡಿಯಬಹುದು. ವಿದೇಶಗಳ ಸಂಗ್ರಾಹಕರಲ್ಲಿ ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವ ರೂಢಿಯಿದೆ. ಎಣ್ಣೆಯ ಕೊಬ್ಬಿನಾಮ್ಲಗಳೂ ನಿಧಾನವಾಗಿ ತಾಮ್ರವನ್ನು ಕರಗಿಸುತ್ತವೆ, ಮತ್ತು ಜಿಡ್ಡು ರಂಧ್ರಗಳಲ್ಲಿ ಉಳಿದು ಮುಂದಿನ ಚಿಕಿತ್ಸೆಗೆ ಅಡ್ಡಿಯಾಗುತ್ತದೆ. ನಮ್ಮ ಕೊಬ್ಬರಿ ಎಣ್ಣೆಯ ಬಗ್ಗೆಯೂ ಇದೇ ಮಾತು.

ಕಂಚಿನ ರೋಗ ಹಿಡಿದ ನಾಣ್ಯವನ್ನು ಮನೆಯಲ್ಲಿ ಚಿಕಿತ್ಸಿಸುವ ಸಾಹಸ ಬೇಡ. ಅದನ್ನು ಇತರ ನಾಣ್ಯಗಳಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಇಟ್ಟ ಬಿಗಿ ಮುಚ್ಚಳದ ಡಬ್ಬಿಯಲ್ಲಿರಿಸಿ ತಜ್ಞರಿಗೆ ತಲುಪಿಸಬೇಕು. ಹಿಂದೆ ಶೇಕಡಾ ೫ರ ಸೋಡಿಯಂ ಸೆಸ್ಕಿಕಾರ್ಬೊನೇಟ್ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸುತ್ತಿದ್ದರು. ಅದು ಮೇಲ್ಮೈಯ ಬಣ್ಣವನ್ನೂ ರಚನೆಯನ್ನೂ ಬದಲಿಸುವುದು ಕಂಡುಬಂದ ಮೇಲೆ ಅದರ ಬಳಕೆ ತಗ್ಗಿದೆ. ೧೯೬೭ರಲ್ಲಿ ಬೆಂಜೊಟ್ರೈಯಜೋಲ್ ಎಂಬ ರಾಸಾಯನಿಕದ ಬಳಕೆ ಪ್ರಚಾರಕ್ಕೆ ಬಂದಿತು. ಅದು ತಾಮ್ರದೊಡನೆ ಸೇರಿ ತೆಳುಪರದೆಯಂತಾಗಿ ತೇವವನ್ನು ತಡೆಯುತ್ತದೆ. ಇದರ ಮೇಲೆ ಬೇಕಾದಾಗ ಕರಗಿಸಿ ತೆಗೆಯಬಹುದಾದ ಅಕ್ರಿಲಿಕ್ ರಾಳದ ತೆಳು ಲೇಪನ ಕೊಡುತ್ತಾರೆ. 'ಬೇಕಾದಾಗ ತೆಗೆಯಬಹುದಾದ' ಎಂಬುದು ಇಲ್ಲಿ ಮುಖ್ಯ. ಎಚ್.ಜೆ. ಪ್ಲೆಂಡರ್ಲೀತ್ ಅವರ ೧೯೫೬ರ ಪ್ರಸಿದ್ಧ ಕೈಪಿಡಿಯಲ್ಲಿ ಇಡೀ ಕಿಲುಬನ್ನು ಕಳಚಿಹಾಕುವ ವಿದ್ಯುದ್ವಿಭಜನೆಯಂತಹ ವಿಧಾನಗಳಿಗೂ ಸ್ಥಾನವಿತ್ತು. ಆ ಬಳಿಕದ ದಶಕಗಳಲ್ಲಿ ಶಾಸ್ತ್ರವು ನಡೆದಿರುವುದು ಕಡಿಮೆ ಮಾಡುವ ದಿಕ್ಕಿನಲ್ಲಿ. ನಮ್ಮಲ್ಲಿ ೧೯೭೬ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಸಂರಕ್ಷಣಾ ಪ್ರಯೋಗಾಲಯವು ಮೈಸೂರಿನಲ್ಲಿಯೂ ತನ್ನ ಪ್ರಾದೇಶಿಕ ಘಟಕವನ್ನು ತೆರೆದದ್ದು ಕರ್ನಾಟಕದ ಮಟ್ಟಿಗೆ ಉಪಯುಕ್ತವಾಯಿತು.

ಚಿಕಿತ್ಸೆಗಿಂತ ಇರಿಸುವ ಬಗೆಯೇ ಹೆಚ್ಚು ನಾಣ್ಯಗಳನ್ನು ಉಳಿಸೀತು. ಪಿ.ವಿ.ಸಿ. ಎಂಬ ಮೆದು ಪ್ಲಾಸ್ಟಿಕ್ಕಿನ ಅಗ್ಗದ ಆಲ್ಬಂಗಳು ಕಾಲಕ್ರಮದಲ್ಲಿ ಆಮ್ಲ ಬಿಟ್ಟು ನಾಣ್ಯದ ಮೇಲೆ ಅಂಟಂಟಾದ ಹಸಿರನ್ನು ಹಚ್ಚುತ್ತವೆ. ಪಾಲಿಯೆಸ್ಟರ್ ಹಾಳೆಯ ಚೀಲಗಳಲ್ಲಿ ಈ ತೊಂದರೆಯಿಲ್ಲ.

ಜೀರ್ಣೋದ್ಧಾರವೆಂಬ ಹೆಸರಿನಲ್ಲಿ

ಸಂಗ್ರಾಹಕರ ಮಾರುಕಟ್ಟೆಯಲ್ಲಿ ಶುದ್ಧೀಕರಣದ ಬೆನ್ನಿಗೇ ಮತ್ತೊಂದು ಕೆಲಸ ನಡೆಯುತ್ತದೆ. ಮಸುಕಾದ ಅಕ್ಷರಗಳನ್ನು ಉಳಿಯಿಂದ ತಿದ್ದುವುದು, ಸರಕ್ಕೆ ಪೋಣಿಸಲು ಕೊರೆದ ತೂತನ್ನು ಬೆಸುಗೆಯಿಂದ ಮುಚ್ಚುವುದು, ಹಿಂದೆ ಹಾಕಿಸಿದ್ದ ಕೊಂಡಿಯನ್ನು ಕಿತ್ತು ಅಂಚನ್ನು ಅರದಿಂದ ಸಮಮಾಡುವುದು, ಆಮ್ಲದಲ್ಲಿ ಬೆತ್ತಲಾದ ತಾಮ್ರಕ್ಕೆ ಗಂಧಕದ ದ್ರಾವಣದಿಂದ ಮತ್ತೆ ಕಪ್ಪು ಬಣ್ಣ ಕಟ್ಟುವುದು. ಇವನ್ನು ಜೀರ್ಣೋದ್ಧಾರವೆಂದು ಕರೆಯುವುದು ರೂಢಿ. ತಿದ್ದಿದ ಅಕ್ಷರವು ಅಧ್ಯಯನಕಾರನ ಪಾಲಿಗೆ ಅಳಿದ ಅಕ್ಷರಕ್ಕಿಂತ ಕೆಟ್ಟದ್ದು. ಅಳಿದದ್ದು ಏನನ್ನೂ ಹೇಳುವುದಿಲ್ಲ, ತಿದ್ದಿದ್ದು ಸುಳ್ಳು ಹೇಳುತ್ತದೆ. ನೆಲದಲ್ಲಿ ದೊರೆತ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ೧೮೭೮ರ ಕಾಯ್ದೆಯೂ ನೂರು ವರ್ಷ ಮೀರಿದ ನಾಣ್ಯಗಳನ್ನು ಪುರಾತನ ವಸ್ತುವೆಂದು ಪರಿಗಣಿಸುವ ೧೯೭೨ರ ಕಾಯ್ದೆಯೂ ಇವೆ. ಆದರೆ ಮನೆಯಲ್ಲಿರುವ ನಾಣ್ಯವನ್ನು ಮನೆಯವರು ಹುಳಿ ಹಾಕಿ ತಿಕ್ಕುವುದನ್ನು ಕಾಯ್ದೆಯಿಂದ ತಡೆಯಲಾಗದು.

ಮುಚ್ಚಿದ ತೂತಿನ ವಿಷಯ ಇನ್ನಷ್ಟು ವಿವರಣೆಯನ್ನು ಬೇಡುತ್ತದೆ. ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲಿ ರೋಮನ್ ಚಕ್ರಾಧಿಪತ್ಯದ ಕೊನೆಯ ಕಾಲದ ಚಿನ್ನದ ನಾಣ್ಯಗಳು ದೊರೆತಿವೆ. ದಕ್ಷಿಣ ಭಾರತದಲ್ಲಿ ಸಿಕ್ಕ ಆ ಕಾಲದ ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿರುವುದು ಒಂದು ವಿಶಿಷ್ಟ ಲಕ್ಷಣವೆಂದು ವಿದ್ವಾಂಸರು ಗುರುತಿಸಿದ್ದಾರೆ. ಮುಖ ನೆಟ್ಟಗೆ ನಿಲ್ಲುವಂತೆ ಪೋಣಿಸಿ ತೊಡುತ್ತಿದ್ದರು ಎಂಬುದಕ್ಕೆ ತೂತುಗಳ ಸ್ಥಾನವೇ ಆಧಾರ. ಹೊರದೇಶದ ಹಣ ಇಲ್ಲಿ ಆಭರಣವಾದ ಕತೆಗೆ ಆ ಎರಡು ತೂತುಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಯಾವುದಿದೆ? ಅವನ್ನು ಮುಚ್ಚಿದರೆ ನಾಣ್ಯದ ಬೆಲೆ ಏರಬಹುದು, ಸಾಕ್ಷ್ಯ ಹೋಗುತ್ತದೆ. ಲಂಬಾಣಿ ಮಹಿಳೆಯರ ಉಡುಗೆ ತೊಡುಗೆಗಳ ನಾಣ್ಯಗಳು, ಕಾಸಿನ ಸರದ ಕಾಸುಗಳು, ಮಗುವಿನ ಉಡಿದಾರಕ್ಕೆ ಕಟ್ಟಿದ ತೂತಿನ ಕಾಸು, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಚಿನಿವಾರರು ಒತ್ತಿದ ಸಣ್ಣ ಗುರುತುಗಳನ್ನೂ ಕೆಲವರು 'ಗಾಯ'ವೆಂದು ಭಾವಿಸಿ ಉಜ್ಜಿ ತೆಗೆಯುತ್ತಾರೆ. ಅವು ಆ ನಾಣ್ಯ ಯಾವ ಯಾವ ಪೇಟೆಗಳನ್ನು ಸುತ್ತಿತೆಂಬುದರ ರುಜುಗಳು.

ದೇವರ ಪೆಟ್ಟಿಗೆಯ ನಾಣ್ಯಗಳು

ಜಾನಪದ ಅಧ್ಯಯನದ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿರುವುದು ಪೂಜೆಗೊಳ್ಳುವ ನಾಣ್ಯಗಳು. ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿ ರಾಮಟಂಕೆಗಳಿವೆ. ಒಂದು ಬದಿಯಲ್ಲಿ ಪಟ್ಟಾಭಿಷೇಕದ ರಾಮಸೀತೆಯರು, ಮತ್ತೊಂದು ಬದಿಯಲ್ಲಿ ಸಾಮಾನ್ಯವಾಗಿ ಹನುಮಂತನಿರುವ ಇವು ಚಲಾವಣೆಯ ಹಣವಲ್ಲ, ಪೂಜೆಗೆಂದೇ ಮಾಡಿದವು. ಇವುಗಳೊಂದಿಗೆ ವಿಜಯನಗರದ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಮಯಿಲಿ ಕಾಸು', ವಿಕ್ಟೋರಿಯಾ ರಾಣಿಯ ರೂಪಾಯಿ ಇವು ಒಂದೇ ಅರಿಶಿನದ ಬಟ್ಟೆಯಲ್ಲಿ ಇರುವುದನ್ನು ನಾನು ಹಲವೆಡೆ ಕಂಡಿದ್ದೇನೆ. ಹರಕೆಯ ಮುಡಿಪಿಗೆ ಕಟ್ಟಿದ ಕಾಸು ಎಂದೂ ಬಿಚ್ಚದೆ ಉಳಿದಿರುವುದೂ ಉಂಟು.

ಇಂತಹ ನಾಣ್ಯದ ಮೇಲೆ ಮಣ್ಣಿರುವುದಿಲ್ಲ. ಕುಂಕುಮ, ಅರಿಶಿನ, ಗಂಧ, ದೀಪದ ಎಣ್ಣೆ, ಅಭಿಷೇಕದ ಹಾಲು ಇವು ತಲೆಮಾರುಗಳ ಕಾಲ ಪದರಗಟ್ಟಿರುತ್ತವೆ. ನಾಣ್ಯಶಾಸ್ತ್ರಜ್ಞನಿಗೆ ಅದು ಕೊಳೆ. ನಮಗೆ ಅದು ಆಕರ. ಕುಂಕುಮವು ಯಾವ ಬದಿಯಲ್ಲಿ ದಪ್ಪವಾಗಿದೆ ಎಂಬುದರಿಂದ ಮನೆಯವರು ಯಾವ ಬದಿಯನ್ನು ದೇವರೆಂದು ಭಾವಿಸಿದರು ಎಂಬುದು ತಿಳಿಯುತ್ತದೆ. ಅರಿಶಿನದಿಂದ ತಯಾರಿಸಿದ ಹಳೆಯ ಬಗೆಯ ಕುಂಕುಮಕ್ಕೂ ಕೃತಕ ಬಣ್ಣದ ಇತ್ತೀಚಿನ ಕುಂಕುಮಕ್ಕೂ ರಾಸಾಯನಿಕ ವ್ಯತ್ಯಾಸವಿರುವುದರಿಂದ, ಪದರಗಳನ್ನು ಪರೀಕ್ಷಿಸಿದರೆ ಪೂಜೆಯ ಅವಧಿಯನ್ನು ಸ್ಥೂಲವಾಗಿ ಊಹಿಸುವ ಸಾಧ್ಯತೆಯೂ ಇದೆ. ಇನ್ನೊಂದು ಸ್ವಾರಸ್ಯದ ಸಂಗತಿ: ಹಬ್ಬಕ್ಕೆ ಹುಣಸೆಹುಳಿ ಹಾಕಿ ಬೆಳಗುವ ಮನೆಗಳ ರಾಮಟಂಕೆಗಳಲ್ಲಿ ರಾಮನ ಮುಖ ಸವೆದು ನುಣ್ಣಗಾಗಿರುತ್ತದೆ, ಎಣ್ಣೆ ಹಚ್ಚಿ ಒರೆಸಿಡುವ ಮನೆಗಳಲ್ಲಿ ಕಣ್ಣು ಮೂಗು ಸ್ಪಷ್ಟವಾಗಿರುತ್ತವೆ. ಆದರೆ ಆ ಸವೆತವನ್ನು ಹಾನಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮನೆಯವರ ಪಾಲಿಗೆ ಬೆಳಗುವುದು ಪೂಜೆಯ ಅಂಗ. ಅದನ್ನು ನಿಲ್ಲಿಸಿರೆಂದು ಹೇಳಲು ಸಂಶೋಧಕನಿಗೆ ಯಾವ ಅಧಿಕಾರವೂ ಇಲ್ಲ. ನನ್ನ ತಕರಾರು ಇರುವುದು ಆ ಪೆಟ್ಟಿಗೆಯಿಂದ ನಾಣ್ಯ ಹೊರಬಂದು ಕೊಳ್ಳುವವನ ಕೈ ಸೇರಿದ ಗಳಿಗೆಯ ಬಗ್ಗೆ. ಅಂದೇ ಸಂಜೆ ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕುಂಕುಮವನ್ನು ಚರಂಡಿಗೆ ಬಿಟ್ಟು, ಮರುದಿನ ಅದನ್ನು ಯಾವ ಮನೆಯ ಸಂಬಂಧವೂ ಇಲ್ಲದ ಸರಕನ್ನಾಗಿ ಮಾಡುವುದರ ಬಗ್ಗೆ.

ವಸ್ತುಸಂಗ್ರಹಾಲಯಗಳ ನೋಂದಣಿ ಪುಸ್ತಕಗಳಲ್ಲಿ ಲೋಹ, ತೂಕ, ಅಳತೆ, ಲಾಂಛನ, ಬರಹ ಇವುಗಳಿಗೆ ಅಂಕಣಗಳಿರುತ್ತವೆ. ಮೇಲ್ಮೈಯ ಮೇಲೆ ಏನಿತ್ತು ಎಂಬುದಕ್ಕೆ ಅಂಕಣವಿರುವುದನ್ನು ನಾನು ಕಂಡದ್ದು ಕಡಿಮೆ. ಅಂತಹ ಅಂಕಣವೊಂದನ್ನು ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ನನ್ನ ಕ್ಷೇತ್ರಕಾರ್ಯದಲ್ಲಿ ಅನುಸರಿಸುತ್ತಿರುವ ಕ್ರಮ ಇಷ್ಟು. ಮನೆಯವರು ತೋರಿಸಿದ ನಾಣ್ಯವನ್ನು ಇದ್ದ ಸ್ಥಿತಿಯಲ್ಲೇ, ಬಟ್ಟೆ ಸಮೇತ, ಎರಡೂ ಬದಿ ಛಾಯಾಚಿತ್ರ ತೆಗೆಯುವುದು. ಎಂದು ಬೆಳಗುತ್ತಾರೆ, ಯಾರು ಬೆಳಗುತ್ತಾರೆ, ಯಾವುದರಿಂದ ಎಂದು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಅವರು ಒಪ್ಪಿದರೆ ಮಾತ್ರ ಅಂಚಿನಿಂದ ಚಿಟಿಕೆಗಿಂತ ಕಡಿಮೆ ಕುಂಕುಮವನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಆಮ್ಲರಹಿತ ಕಾಗದದ ಪೊಟ್ಟಣದಲ್ಲಿ ಊರು, ದಿನಾಂಕ, ಬದಿ ನಮೂದಿಸಿ ಇಡುವುದು. ನಾಣ್ಯವನ್ನು ತೊಳೆಯುವುದಿಲ್ಲ. ಕೆಲವು ಮನೆಗಳಲ್ಲಿ, 'ಇಷ್ಟು ದೂರ ಬಂದಿರಿ, ಒಂದಿಷ್ಟು ಬೆಳಗಿ ತೋರಿಸುತ್ತೇವೆ ತಾಳಿ' ಎಂದು ಹಿರಿಯರು ಹುಳಿ ಕಿವುಚಲು ಏಳುತ್ತಾರೆ. ಹಬ್ಬಕ್ಕೆ ಬೆಳಗಿರಂತೆ, ಇವತ್ತು ಹೀಗೆಯೇ ಇರಲಿ ಅಮ್ಮ ಎಂದು ಕೇಳಿಕೊಂಡು ಅವರನ್ನು ಕೂರಿಸುತ್ತೇನೆ.